ಜಾಬಾಲಿಗೆ ಅರ್ಥ ಹೇಳಿದ್ದು

ಜಾಬಾಲಿಯ ಅರ್ಥವನ್ನು ನಾನೇ ಕೇಳಿ ತೆಗೆದುಕೊಂಡೆ. ನಮ್ಮ ಶಿರಸಿ ಕಡೆಯ ಮಳೆಗಾಲದ ತಾಳಮದ್ದಳೆಗಳಲ್ಲಿ (ಭಾಗವತರು ಹಾಡಿದ ಯಕ್ಷಗಾನದ ಪದ್ಯಕ್ಕೆ ಕೂತಲ್ಲೇ ಪಾತ್ರದ ಮಾತಾಡುವ, ಅಂದರೆ 'ಅರ್ಥ ಹೇಳುವ' ಕೂಟಗಳಲ್ಲಿ) ಚಿತ್ರಕೂಟದ ಪ್ರಸಂಗ ಅಂದರೆ ರಾಮ-ಭರತರ ಸಂವಾದ. ಜನ ಮಳೆಯಲ್ಲಿ ಕೊಡೆ ಹಿಡಿದು ಬರುವುದೂ ಅದಕ್ಕೇ. ಆದರೆ ಭರತನ ಜೊತೆ ಅಯೋಧ್ಯೆಯಿಂದ ಬಂದವರಲ್ಲಿ ಜಾಬಾಲಿ ಎಂಬ ಬ್ರಾಹ್ಮಣನೂ ಇದ್ದ, ಅವನು ಪರಲೋಕವೇ ಇಲ್ಲವೆಂದು ರಾಮನ ಎದುರೇ ವಾದಿಸಿದ ಎಂಬುದು ವಾಲ್ಮೀಕಿಯಲ್ಲಿದೆ. ನಾನು ಕೂತ ಕೂಟಗಳಲ್ಲಿ ಆ ಜಾಗ ಬಂದದ್ದೇ ಇಲ್ಲ. ನಮ್ಮೂರಿನ ಮಾಸ್ತರರೊಬ್ಬರು ಎರಡು ಪದ್ಯ ಬರೆದುಕೊಟ್ಟರು, ಒಂದು ಭಾಮಿನಿ, ಇನ್ನೊಂದು ಏಕತಾಳದ್ದು. ಭಾಗವತರು ಓದಿ ನೋಡಿ, ಹಾಡಲು ಅಡ್ಡಿಯಿಲ್ಲ ಎಂದರು.

ನನಗೆ ದೇವರಲ್ಲಾಗಲಿ ಪರಲೋಕದಲ್ಲಾಗಲಿ ನಂಬಿಕೆ ಇಲ್ಲ. ಇದು ಮನೆಯವರಿಗೂ ಗೊತ್ತು, ಊರಿಗೂ ಗೊತ್ತು. ಹಾಗಿದ್ದೂ ದೇವಸ್ಥಾನದ ಪೌಳಿಯಲ್ಲಿ ಕೂತು ವಿದುರನಿಗೂ ಭೀಷ್ಮನಿಗೂ ಅರ್ಥ ಹೇಳುತ್ತ ಬಂದಿದ್ದೇನೆ. ಆ ಪಾತ್ರಗಳ ಭಕ್ತಿಯನ್ನು ಪೂರ್ತಿ ಮನಸ್ಸಿಟ್ಟು ಹೇಳಿದ್ದೇನೆ. ಭಕ್ತರ ಮಾತಿಗೆ ಅಷ್ಟು ಜೀವ ತುಂಬಬಹುದಾದರೆ ಹಿಂದಿನ ಕಾಲದ ನಾಸ್ತಿಕನಿಗೂ ಅಷ್ಟೇ ಜೀವ ಕೊಡಬೇಕಲ್ಲ? ಈ ಪಾತ್ರ ಹಿಡಿದದ್ದು ಆ ಕಾರಣಕ್ಕೆ.

ತಯಾರಿಗೆ ಮೊದಲು ಮೂಲ ಓದಿದೆ. ಅಯೋಧ್ಯಾಕಾಂಡ, ದಾಕ್ಷಿಣಾತ್ಯ ಪಾಠದಲ್ಲಿ 108ರಿಂದ 110ನೇ ಸರ್ಗ. ಜಾಬಾಲಿಯ ಮಾತು ಚಿಕ್ಕದು, ಬಹಳ ಗಟ್ಟಿ. ಮನುಷ್ಯ ಒಬ್ಬನೇ ಹುಟ್ಟುತ್ತಾನೆ, ಒಬ್ಬನೇ ಸಾಯುತ್ತಾನೆ. ತಂದೆ-ತಾಯಿ ಎಂಬುದು ದಾರಿಯಲ್ಲಿ ಒಂದು ರಾತ್ರಿ ತಂಗಿದ ಮನೆಯ ಹಾಗೆ. ಪಿತೃಗಳಿಗೆ ಅಷ್ಟಕಾ, ಶ್ರಾದ್ಧ ಎಂದು ಅನ್ನ ಹಾಳುಮಾಡುತ್ತಾರೆ, ಸತ್ತವನು ಉಣ್ಣುತ್ತಾನೆಯೇ? ಇಲ್ಲಿ ಒಬ್ಬ ಉಂಡದ್ದು ಇನ್ನೊಬ್ಬನ ಹೊಟ್ಟೆ ಸೇರುವುದಾದರೆ ಪ್ರಯಾಣ ಹೊರಟವನಿಗೂ ಮನೆಯಲ್ಲೇ ಶ್ರಾದ್ಧ ಮಾಡಿ, ಬುತ್ತಿ ಯಾಕೆ ಕಟ್ಟುತ್ತೀರಿ? ಕಣ್ಣಿಗೆ ಕಾಣುವುದನ್ನು ಹಿಡಿ, ಕಾಣದ್ದನ್ನು ಹಿಂದೆ ಬಿಡು, ರಾಜ್ಯ ತೆಗೆದುಕೋ.

ಬುತ್ತಿಯ ಈ ವಾದ ಹದಿನಾಲ್ಕನೇ ಶತಮಾನದಲ್ಲಿ ಮಾಧವಾಚಾರ್ಯರ ಸರ್ವದರ್ಶನಸಂಗ್ರಹದಲ್ಲೂ ಬರುತ್ತದೆ. ಆ ಗ್ರಂಥದ ಮೊದಲ ಅಧ್ಯಾಯವೇ ಚಾರ್ವಾಕ ದರ್ಶನ, ದೇವರನ್ನೂ ಪರಲೋಕವನ್ನೂ ಒಪ್ಪದ ಹಳೆಯ ನಾಸ್ತಿಕರ ಮತ. ಬರೆದವರು ಅದ್ವೈತಿಗಳು, ಬರೆದದ್ದು ಖಂಡನೆಗಾಗಿ. ಚಾರ್ವಾಕರು ತಾವೇ ಬರೆದದ್ದು ಹೆಚ್ಚುಕಡಿಮೆ ಎಲ್ಲವೂ ಕಳೆದುಹೋಗಿದೆ, ಇವತ್ತು ಅವರ ಮಾತು ನಮಗೆ ಸಿಗುವುದು ಬಹುಪಾಲು ಎದುರಾಳಿಗಳ ಪುಸ್ತಕದಲ್ಲಿ. ನನ್ನನ್ನು ತುಂಬ ಕಾಡಿದ ಸಂಗತಿ ಇದು. ಒಬ್ಬ ಅರ್ಥಧಾರಿಗೆ ಇದರಲ್ಲಿ ಕೆಲಸವೂ ಇದೆ. ಎದುರಾಳಿ ಉಳಿಸಿಟ್ಟ ಅರ್ಧ ಶ್ಲೋಕದಿಂದ, ಅದನ್ನು ನಂಬಿ ಬದುಕಿದ ಮನುಷ್ಯ ಹೇಗೆ ಮಾತಾಡಿರಬಹುದು ಎಂದು ಕಟ್ಟಬೇಕು. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಅರೆಬರೆ ಹೇಳಿ ಸೋಲಿಸಿದರೆ ಸಿದ್ಧಾಂತಕ್ಕೂ ಮರ್ಯಾದೆ ಇಲ್ಲ. ಇದನ್ನು ನಮ್ಮ ಹಳೆಯ ಪಂಡಿತರು ಚೆನ್ನಾಗಿ ಬಲ್ಲವರು.

ಶಂಕರಾಚಾರ್ಯರ ಹೆಸರಿನಲ್ಲಿರುವ ಸರ್ವಸಿದ್ಧಾಂತಸಂಗ್ರಹದಲ್ಲಿ ಲೋಕಾಯತರ, ಅಂದರೆ ಚಾರ್ವಾಕರ, ಒಂದು ದೃಷ್ಟಾಂತ ಸಿಕ್ಕಿತು. ಜಡವಾದ ದೇಹದಲ್ಲಿ ಚೈತನ್ಯ ಎಲ್ಲಿಂದ ಬಂತು? ವೀಳ್ಯದೆಲೆ, ಅಡಿಕೆ, ಸುಣ್ಣ ಸೇರಿದಾಗ ಕೆಂಪು ಬಂದಂತೆ. ಮೂರರಲ್ಲಿ ಯಾವುದರಲ್ಲೂ ಆ ಕೆಂಪಿಲ್ಲ. ಅಡಿಕೆ ತೋಟದ ನಾಡಿನಲ್ಲಿ ಕೂತು ಇದನ್ನು ಓದಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಕೂಟದ ದಿನ ಎದುರಿಗೆ ಕವಳದ ಹರಿವಾಣ ಇದ್ದೇ ಇತ್ತು. ಪದ್ಯ ಮುಗಿದ ಮೇಲೆ ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಹಚ್ಚಿ, ಹೋಳು ಅಡಿಕೆ ಇಟ್ಟು ಮಡಚುತ್ತ ಹೇಳಿದೆ: "ರಾಮಾ, ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಬಾಯಲ್ಲಿ ಕೂಡಿದರೆ ಕೆಂಪು. ಉಗಿದ ಮೇಲೆ ಆ ಕೆಂಪು ಯಾವ ಲೋಕಕ್ಕೆ ಹೋಯಿತು ಎಂದು ಯಾರಾದರೂ ಕೇಳುತ್ತಾರೆಯೇ? ನಿನ್ನ ತಂದೆ ದಶರಥನೂ ಹಾಗೆ." ತಾಳಮದ್ದಳೆಯಲ್ಲಿ ವೇಷವಿಲ್ಲ, ಮಾತೇ ಎಲ್ಲ. ಆದರೂ ಕೈಯಲ್ಲಿದ್ದ ಕವಳ ಆ ಮಾತಿಗೆ ಒದಗಿತು. ಕಂಬಕ್ಕೆ ಒರಗಿದ್ದವರು ನೆಟ್ಟಗಾದರು.

ಬುತ್ತಿಯ ಮಾತನ್ನೂ ಇಲ್ಲಿನದಾಗಿಯೇ ಹೇಳಿದೆ. ಘಟ್ಟ ಇಳಿದು ಗೋಕರ್ಣಕ್ಕೆ ನಡೆದು ಹೋಗುತ್ತಿದ್ದ ಹಿರಿಯರಿಗೆ ಬುತ್ತಿ ಕಟ್ಟಿಕೊಟ್ಟ ಮನೆಗಳು ನಮ್ಮವು, ಕೇಳುತ್ತ ಕೂತವರಿಗೆ ಅದನ್ನು ವಿವರಿಸುವುದು ಬೇಕಿರಲಿಲ್ಲ. ಪಕ್ಷಮಾಸ ಹತ್ತಿರವಿತ್ತು. ಎಡೆ ಇಡುವ ಜನರೆದುರು ಎಡೆಯ ಬಗ್ಗೆ ಹೀಗೆ ಹೇಳುವಾಗ ದನಿಯಲ್ಲಿ ಕೊಂಕು ಬರಕೂಡದು ಎಂದು ಮೊದಲೇ ನಿಶ್ಚಯಿಸಿದ್ದೆ. ಜಾಬಾಲಿ ರಾಮನನ್ನು ಪ್ರೀತಿಸುವವನು, ಕಾಡಿನಲ್ಲಿ ಈ ಹುಡುಗ ಸವೆಯುವುದನ್ನು ನೋಡಲಾರದೆ ಮಾತಾಡುತ್ತಿದ್ದಾನೆ. ಅಣಕಿಸಿದರೆ ಕೇಳುವವನು ಕಿವಿ ಮುಚ್ಚುತ್ತಾನೆ, ಅಷ್ಟೇ ಅಲ್ಲ, ಸತ್ತ ತಂದೆಗೆ ಅನ್ನ ಇಡುವವನ ದುಃಖ ಅಣಕಕ್ಕೆ ತಕ್ಕದ್ದೂ ಅಲ್ಲ.

ರಾಮನ ಅರ್ಥ ಹೇಳುವವರ ಜೊತೆ ಮೊದಲೇ ಕೂತು ಮಾತಾಡಿದ್ದೆ. ಅವರು ದಿನಾ ಸಂಧ್ಯಾವಂದನೆ ಮಾಡುವವರು. ನಾನು ಕೇಳಿಕೊಂಡದ್ದು ಇಷ್ಟೇ: ಬೈದು ಬಾಯಿ ಮುಚ್ಚಿಸಬೇಡಿ, ಉತ್ತರ ಕೊಡಿ. ಮೂಲದ ರಾಮನಿಗೆ ಕೋಪ ಬರುತ್ತದೆ ನಿಜ, ಆದರೆ ಅವನ ಬಲ ಇರುವುದು "ಸತ್ಯಮೇವೇಶ್ವರೋ ಲೋಕೇ" ಎಂಬಲ್ಲಿ. ರಾಜ ಹೇಗೆ ನಡೆಯುತ್ತಾನೋ ಪ್ರಜೆಗಳೂ ಹಾಗೇ ನಡೆಯುತ್ತಾರೆ ಎಂಬಲ್ಲಿ. ಕೂಟದಲ್ಲಿ ನಾನು ಅಲ್ಲಿಗೇ ಕೈ ಹಾಕಿದೆ. "ಮಾತು ಕೊಟ್ಟದ್ದು ತಂದೆಗೆ. ಅವನು ಈಗ ಇಲ್ಲ. ಇಲ್ಲದವನಿಗೆ ಕೊಟ್ಟ ಮಾತು ಯಾರನ್ನು ಕಟ್ಟುತ್ತದೆ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುನಿಗಳೇ, ಕೇಳಿದವರು ಹೋದರೂ ಆಡಿದವನು ಇದ್ದೇನಲ್ಲ" ಎಂದರು. ಸ್ವರ್ಗದ ಸುದ್ದಿಯೇ ಎತ್ತದೆ ಕೊಟ್ಟ ಉತ್ತರ ಅದು. ಪರಲೋಕವನ್ನು ನಂಬದ ನನಗೂ ಒಪ್ಪಿಗೆಯಾಗುವಂಥದ್ದು. ನಂಬಿಕೆ ಇರುವವನೂ ಇಲ್ಲದವನೂ ನಿಂತು ಮಾತಾಡಲು ಆ ರಾತ್ರಿ ಒಂದು ಜಾಗ ಸಿಕ್ಕಿತು.

ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು, "ತಮಾ, ನೀ ಹೇಳಿದ್ದು ಸಮಾ ಇದ್ದು. ಆದ್ರೂ ಎಡೆ ಇಡದು ಬಿಡಲೆ ಆಗ್ತಿಲ್ಲೆ" ಎಂದರು. ಬಿಡಿ ಎಂದು ನಾನು ಹೇಳಿಯೂ ಇಲ್ಲ. ಎದುರಿನ ಮಾತನ್ನು ಕೂತು ಕೇಳುವ ಅಭ್ಯಾಸ ಈ ನೆಲದಲ್ಲಿದೆ. ಸೋಂದೆಯ ಆಸುಪಾಸಿನಲ್ಲೇ ಸ್ವರ್ಣವಲ್ಲಿಯ ಅದ್ವೈತ ಮಠ, ವಾದಿರಾಜರ ದ್ವೈತ ಮಠ, ಸೃಷ್ಟಿಕರ್ತನನ್ನೇ ಒಪ್ಪದ ಜೈನರ ಮಠ ಮೂರೂ ಇವೆ. ಗೋಕರ್ಣದಂಥ ಕ್ಷೇತ್ರದಿಂದಲೇ ಎಂ. ಎನ್. ರಾಯ್ ಅವರ ಮಾನವತಾವಾದವನ್ನು ಒಪ್ಪಿದ ಗೌರೀಶ ಕಾಯ್ಕಿಣಿ ಬಂದರು.

ಜಾಬಾಲಿಯ ಕೊನೆಯ ಮಾತಿಗೆ ನಾನು ಹೆಚ್ಚು ಸಮಯ ಕೊಟ್ಟಿದ್ದೆ. ರಾಮ ಸಿಟ್ಟಾದ ಮೇಲೆ ಅವನು ಹಿಂದೆ ಸರಿಯುತ್ತಾನೆ: ನಾನು ನಾಸ್ತಿಕನಲ್ಲ, ಸಮಯ ನೋಡಿ ಮತ್ತೆ ಆಸ್ತಿಕನಾದೆ, ಸಮಯ ಬಂದರೆ ಮತ್ತೆ ನಾಸ್ತಿಕನಾದೇನು. ವಸಿಷ್ಠರೂ ಬಂದು, ನಿನ್ನನ್ನು ಮರಳಿ ಕರೆತರಲೆಂದೇ ಹಾಗೆ ಹೇಳಿದ ಎಂದು ಸಮಾಧಾನ ಮಾಡುತ್ತಾರೆ. ಇದನ್ನು ಶರಣಾಗತಿಯಂತೆ ಹೇಳಬಹುದು. ನಾನು ಹಾಗೆ ಹೇಳಲಿಲ್ಲ. ಎಲ್ಲರೂ ನಂಬುವ ಸಮಾಜದಲ್ಲಿ ನಂಬದವನು ಬದುಕಿ ಉಳಿದದ್ದು ಹೀಗೇ, ಸಮಯ ನೋಡಿ ಮಾತಾಡಿ, ಸಮಯ ನೋಡಿ ಸುಮ್ಮನಾಗಿ. "ಸಮಯ ಬಂದರೆ" ಎಂಬಲ್ಲಿ ನಿಧಾನಿಸಿ, ರಾಮನಿಂದ ಕಣ್ಣು ತೆಗೆಯದೆ ಹೇಳಿದೆ.

ಸುಮ್ಮನಾಗದವನ ಕಥೆಯೂ ಇದೆ. ಶಾಂತಿಪರ್ವದಲ್ಲಿ, ಯುದ್ಧ ಗೆದ್ದು ಧರ್ಮರಾಜ ಪಟ್ಟಕ್ಕೆ ಬಂದಾಗ ಭಿಕ್ಷುವಿನ ವೇಷದ ಚಾರ್ವಾಕ ಎಂಬವನು ಸಭೆಯಲ್ಲಿ ನಿಂತು, ಬಂಧುಗಳನ್ನು ಕೊಂದವನೇ ಎಂದು ಧಿಕ್ಕರಿಸುತ್ತಾನೆ. ಬ್ರಾಹ್ಮಣರ ಹುಂಕಾರಕ್ಕೆ ಅಲ್ಲೇ ಸುಟ್ಟು ಬೀಳುತ್ತಾನೆ. ಆ ಬ್ರಾಹ್ಮಣರೇ ಅವನನ್ನು ರಾಕ್ಷಸ, ದುರ್ಯೋಧನನ ಗೆಳೆಯ ಎನ್ನುತ್ತಾರೆ. ಅವನ ಬಾಯಲ್ಲಿ ನಾಸ್ತಿಕತೆಯ ಒಂದು ಮಾತೂ ಇಲ್ಲ, ಇರುವುದು ಸತ್ತವರ ಲೆಕ್ಕ ಮಾತ್ರ. ಬರುವ ಮಳೆಗಾಲಕ್ಕೆ ಆ ಅರ್ಥ ಹೇಳಬೇಕೆಂದಿದ್ದೇನೆ. ಮಾಸ್ತರರು ಪದ್ಯ ಬರೆಯುತ್ತಿದ್ದಾರೆ. ಧರ್ಮರಾಜನ ಅರ್ಥಕ್ಕೆ ಈ ಸಲದ ರಾಮನನ್ನೇ ಕೇಳಿದ್ದೇನೆ, ಆಗಲಿ ಎಂದಿದ್ದಾರೆ.