ಕತ್ತು ಎಷ್ಟು ತಿರುಗುತ್ತದೆ ಎನ್ನುವುದಕ್ಕಿಂತ ಹೇಗೆ ತಿರುಗುತ್ತದೆ: ಫಿಸಿಯೋಥೆರಪಿಯಲ್ಲಿ ನನ್ನ ಅನುಭವ

ಕೊಡಗಿನಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ಕತ್ತು ನೋವೆಂದು ಬರುವ ಹೆಚ್ಚಿನವರ ಕೈಯಲ್ಲಿ ಒಂದು ಎಕ್ಸ್‌ರೇ ಇರುತ್ತದೆ, ಬಾಯಲ್ಲಿ 'ಮೂಳೆ ಸವೆದಿದೆಯಂತೆ' ಎಂಬ ಮಾತಿರುತ್ತದೆ. ನಡುವಯಸ್ಸು ದಾಟಿದ ಮೇಲೆ ನೋವೇ ಇಲ್ಲದವರ ಕತ್ತಿನಲ್ಲಿಯೂ ಇಂತಹ ಸವೆತ ಧಾರಾಳವಾಗಿ ಕಾಣುತ್ತದೆ. ಹಾಗಾಗಿ ಆ ಚಿತ್ರವೊಂದರಿಂದ ನೋವಿನ ಕಾರಣವನ್ನು ಹೇಳಲು ನಾನು ಹೋಗುವುದಿಲ್ಲ. ಕೈಯ ಹಿಡಿತ ಸಡಿಲವಾಗಿ ವಸ್ತುಗಳು ಜಾರುವುದು, ನಡೆಯುವಾಗ ಕಾಲು ತಡವರಿಸುವುದು, ಮೂತ್ರದ ಮೇಲೆ ಹತೋಟಿ ತಪ್ಪುವುದು, ಮಾತು ತೊದಲುವುದು, ಎರಡೆರಡಾಗಿ ಕಾಣುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ಬಿದ್ದು ಆದ ಪೆಟ್ಟು, ಇವುಗಳಲ್ಲಿ ಯಾವುದಾದರೂ ಇದ್ದರೆ ಮೊದಲು ವೈದ್ಯರ ಬಳಿಗೆ ಕಳುಹಿಸುತ್ತೇನೆ. ಇಲ್ಲವೆಂದು ಖಾತ್ರಿಯಾದ ಮೇಲೆ ತಲೆ ಹೇಗೆ ಚಲಿಸುತ್ತದೆ ಎಂದು ನೋಡಲು ಕುಳಿತುಕೊಳ್ಳುತ್ತೇನೆ.

ಸುಮಾರು 4.5ರಿಂದ 5 ಕಿಲೋ ತೂಗುವ ತಲೆಯನ್ನು 7 ಕಶೇರುಗಳು, ಎಂದರೆ ಕತ್ತಿನ ಮಣಿಮೂಳೆಗಳು, ಹೊತ್ತಿವೆ, ಮತ್ತು ಕತ್ತು ಪಕ್ಕಕ್ಕೆ ತಿರುಗುವುದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಮೇಲಿನ ಎರಡು ಕಶೇರುಗಳ ನಡುವೆಯೇ ನಡೆಯುತ್ತದೆ. ತಲೆಬುರುಡೆಯ ಬುಡದಲ್ಲಿ ಅಲ್ಲಿಯೇ ಇರುವ ಪುಟ್ಟ ಸ್ನಾಯುಗಳಲ್ಲಿ, ಸ್ನಾಯು ಎಷ್ಟು ಹಿಗ್ಗಿದೆ ಎಂಬುದನ್ನು ಮಿದುಳಿಗೆ ತಿಳಿಸುವ ಸಂವೇದಕಗಳು ಬಹಳ ದಟ್ಟವಾಗಿವೆ. ಕಣ್ಣು ಮತ್ತು ಒಳಕಿವಿ ಕೊಡುವ ಮಾಹಿತಿಯನ್ನು ಇವು ಕೊಡುವ ಮಾಹಿತಿಯೊಂದಿಗೆ ಕೂಡಿಸಿಯೇ ಮಿದುಳು ತಲೆ ಎತ್ತ ಮುಖಮಾಡಿದೆ ಎಂದು ಅರಿಯುತ್ತದೆ. ನೋವು ಮೂರು ತಿಂಗಳು ಮೀರಿ ಉಳಿದವರಲ್ಲಿ ಎಷ್ಟೋ ಮಂದಿಗೆ ಈ ಮಾಹಿತಿ ಏರುಪೇರಾಗಿರುತ್ತದೆ. ಜೊತೆಗೆ ಕತ್ತಿನ ಮುಂಭಾಗದಲ್ಲಿ ಕಶೇರುಗಳಿಗೆ ಅಂಟಿಕೊಂಡಿರುವ ಆಳದ ಸ್ನಾಯುಗಳು ತಮ್ಮ ಪಾಲಿನ ಕೆಲಸವನ್ನು ಕಡಿಮೆ ಮಾಡುತ್ತವೆ, ಕಿವಿಯ ಹಿಂದಿನಿಂದ ಎದೆಮೂಳೆಗೆ ಓರೆಯಾಗಿ ಇಳಿಯುವ ಹೊರಗಿನ ದಪ್ಪ ಸ್ನಾಯು ಆ ಹೊರೆಯನ್ನು ಎಳೆದುಕೊಳ್ಳುತ್ತದೆ. ಇಂತಹವರು ತಲೆಯನ್ನು ನಿಧಾನವಾಗಿ, ತಡೆತಡೆದು, ಭುಜದ ಸಮೇತ ತಿರುಗಿಸುತ್ತಾರೆ.

ಸಿದ್ದಾಪುರದ ಕಡೆಯ ತೋಟವೊಂದರ ರೈಟರು, ಎಂದರೆ ಕೆಲಸದ ಮೇಲ್ವಿಚಾರಣೆ ನೋಡುವವರು, ಇದನ್ನು ನನಗಿಂತ ಚೆನ್ನಾಗಿ ವಿವರಿಸಿದ್ದರು: "ಡಾಕ್ಟ್ರೇ, ಜೀಪು ರಿವರ್ಸ್ ತೆಗೆಯುವಾಗ ಸೊಂಟದಿಂದಲೇ ತಿರುಗಬೇಕು, ಕತ್ತು ಮಾತು ಕೇಳುವುದಿಲ್ಲ." ಮರಗಸಿಯ, ಎಂದರೆ ನೆರಳಿನ ಮರಗಳ ಕೊಂಬೆ ಕಡಿಯುವ, ಕಾಲದಲ್ಲಿ ಯಾವ ಕೊಂಬೆ ಇಳಿಸಬೇಕೆಂದು ದಿನವಿಡೀ ಮೇಲೆ ನೋಡಿ ಹೇಳುವುದು ಅವರ ಕೆಲಸ. ಮಲಗಿಸಿ ನಾನೇ ತಿರುಗಿಸಿದರೆ ಅವರ ಕತ್ತು ಎರಡೂ ಕಡೆಗೆ ಸಲೀಸಾಗಿ ಹೋಗುತ್ತಿತ್ತು.

ಅವರಿಗೆ ನಾನು ಮಾಡಿದ್ದು ಫ್ರಾನ್ಸಿನ ಮಿಷೆಲ್ ರೆವೆಲ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಪರೀಕ್ಷೆ. ಗೋಡೆಯಿಂದ 90 ಸೆಂಟಿಮೀಟರ್ ದೂರದಲ್ಲಿ ಕುರ್ಚಿಯಿಟ್ಟು ಕೂರಿಸಿ, ಹಣೆಪಟ್ಟಿಗೆ ಲೇಸರ್ ಲೈಟು ಸಿಕ್ಕಿಸಿ, ನೇರವಾಗಿ ನೋಡುವಾಗ ಬೆಳಕು ಬೀಳುವ ಜಾಗವನ್ನು ಗುರುತು ಮಾಡಿಕೊಳ್ಳಬೇಕು. ಬಳಿಕ ಕಣ್ಣಿಗೆ ಬಟ್ಟೆ ಕಟ್ಟಿ, ತಲೆಯನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಮತ್ತೆ ಮೊದಲಿನ ಜಾಗಕ್ಕೆ ತರಲು ಹೇಳಬೇಕು. ಹಲವು ಸಲ ಮಾಡಿಸಿ ಸರಾಸರಿ ತೆಗೆದಾಗ ಗುರುತಿನಿಂದ ಸುಮಾರು 7 ಸೆಂಟಿಮೀಟರಿಗಿಂತ, ಎಂದರೆ 4.5 ಡಿಗ್ರಿಗಿಂತ ಹೆಚ್ಚು ತಪ್ಪಿದರೆ ಗಮನ ಕೊಡಬೇಕಾದ ವಿಷಯವೆಂದು ತಿಳಿಯುತ್ತೇನೆ. ರೈಟರು ಬಲಕ್ಕೆ ತಿರುಗಿ ಬಂದಾಗಲೆಲ್ಲ ಬೆಳಕು ಗುರುತನ್ನು ದಾಟಿ ಎಡಕ್ಕೆ ಹೋಗಿ ನಿಲ್ಲುತ್ತಿತ್ತು, ಅವರಿಗೋ ತಾವು ನೆಟ್ಟಗೆ ಕುಳಿತಿದ್ದೇವೆಂಬ ಪೂರ್ಣ ನಂಬಿಕೆ. ಬಟ್ಟೆ ಬಿಚ್ಚಿ ಗೋಡೆ ತೋರಿಸಿದಾಗ ಬಿದ್ದುಬಿದ್ದು ನಕ್ಕರು. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊದ್‌ಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಊರಿನವರಿಗೆ ಗುರಿ ತಪ್ಪುವುದೆಂದರೇನು ಎಂದು ಬೇರೆ ಹೇಳಿಕೊಡಬೇಕಾಗಿಲ್ಲ.

ತರಬೇತಿ ಆರಂಭವಾಗುವುದು ಮಲಗಿದ ಸ್ಥಿತಿಯಲ್ಲಿ. ಕತ್ತಿನ ಕೆಳಗೆ ಗಾಳಿಚೀಲವಿಟ್ಟು ಒತ್ತಡವನ್ನು 20 ಮಿಲಿಮೀಟರ್ ಪಾದರಸಕ್ಕೆ ಹೊಂದಿಸಿ, ತಲೆಯನ್ನು ಎತ್ತದೆ, 'ಹೌದು' ಎನ್ನುವಂತೆ ಗದ್ದವನ್ನು ತುಸುವೇ ಒಳಗೆ ಆಡಿಸಲು ಹೇಳುತ್ತೇನೆ. ಒತ್ತಡ ತೋರಿಸುವ ಮಾಪಕದ ಮುಳ್ಳು 22ಕ್ಕೆ ಏರಿ 10 ಸೆಕೆಂಡು ನಿಲ್ಲಬೇಕು, ಅದು ಸಾಧಿಸಿದ ಮೇಲೆ 24, ಹೀಗೆ ಎರಡೆರಡರಂತೆ 30ರವರೆಗೆ. ಇಷ್ಟು ಹೊತ್ತೂ ನನ್ನ ಬೆರಳು ಹೊರಗಿನ ಆ ದಪ್ಪ ಸ್ನಾಯುವಿನ ಮೇಲೆಯೇ ಇರುತ್ತದೆ, ಏಕೆಂದರೆ ಅದು ಬಿಗಿದು ಮುಳ್ಳನ್ನು ಏರಿಸಿದರೆ ಅಂಕಿ ಸರಿಯಿದ್ದರೂ ಕೆಲಸ ಕೆಟ್ಟಂತೆಯೇ. ಮನೆಗೆ ಮಡಚಿದ ಟವೆಲ್ ಸಾಕು. ಜೊತೆಜೊತೆಗೆ ಲೇಸರ್ ಬೆಳಕಿನಿಂದ ಗೋಡೆಯ ಮೇಲಿನ ಗೆರೆಯನ್ನು ಹಿಂಬಾಲಿಸುವುದು, ಕಣ್ಣು ಮುಚ್ಚಿ ಗುರುತಿಗೆ ಮರಳಿ ತೆರೆದು ತಿದ್ದಿಕೊಳ್ಳುವುದು, ನೋಟವನ್ನು ಒಂದು ಚುಕ್ಕೆಯಲ್ಲಿ ನಿಲ್ಲಿಸಿ ತಲೆಯನ್ನು ಮಾತ್ರ ತಿರುಗಿಸುವುದು ಇವು ಸೇರುತ್ತವೆ. ವೇಗವನ್ನು ಕೊನೆಗೆ ಸೇರಿಸುತ್ತೇನೆ, ಆದರೆ ಸೇರಿಸದೆ ಬಿಡುವುದಿಲ್ಲ, ಏಕೆಂದರೆ ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರು ಬಸ್ಸು ಬಂದಾಗ ಯಾರೂ ನಿಧಾನವಾಗಿ ಕತ್ತು ತಿರುಗಿಸುವುದಿಲ್ಲ.

ಗುರುತು ತಪ್ಪುವ ಈ ದೋಷ ಕತ್ತು ನೋವಿರುವ ಎಲ್ಲರಲ್ಲಿಯೂ ಇರುವುದಿಲ್ಲ. ವಾಹನ ಅಪಘಾತದಲ್ಲಿ ಕತ್ತು ಕುಲುಕಿದವರಲ್ಲಿ, ನೋವಿನ ಜೊತೆಗೆ ತಲೆಸುತ್ತು ಬರುವವರಲ್ಲಿ ಅದು ಎದ್ದು ಕಾಣುತ್ತದೆ. ಬೆಳಕು ಗುರುತಿಗೆ ಸರಿಯಾಗಿ ಮರಳುವವರಿಗೆ ಲೇಸರಿನ ಸಹವಾಸವೇ ಬೇಡ, ಅವರಿಗೆ ಕತ್ತು ಮತ್ತು ಭುಜಕ್ಕೆ ಬಲ ಕೊಡುವ ವ್ಯಾಯಾಮ ಹೆಚ್ಚು ಉಪಯುಕ್ತ. ಆರೋಗ್ಯವಂತರ ಸ್ನಾಯುವಿಗೆ ಉಪ್ಪುನೀರು ಚುಚ್ಚಿ ತಾತ್ಕಾಲಿಕ ನೋವು ಉಂಟುಮಾಡಿದರೂ ಸ್ನಾಯುಗಳು ಕೆಲಸ ಹಂಚಿಕೊಳ್ಳುವ ರೀತಿ ಬದಲಾಗುತ್ತದೆ. ಆದ್ದರಿಂದ 'ನೀವು ಕತ್ತನ್ನು ಸರಿಯಾಗಿ ಆಡಿಸದೆ ನೋವು ತಂದುಕೊಂಡಿರಿ' ಎಂದು ನಾನು ಯಾರಿಗೂ ಹೇಳುವುದಿಲ್ಲ. ತಿಂಗಳುಗಟ್ಟಲೆ ಕತ್ತಿನ ಪಟ್ಟಿ (ಕಾಲರ್) ಧರಿಸಿ ಬರುವವರಿಗೆ ಅದನ್ನು ಹಂತಹಂತವಾಗಿ ಬಿಡಿಸುತ್ತೇನೆ.

ಕೊಯ್ಲಿನ ತಿಂಗಳುಗಳಲ್ಲಿ ಈ ಕ್ರಮವನ್ನು ಮೊಟಕು ಮಾಡಲೇಬೇಕಾಗುತ್ತದೆ. ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುವ ಹೊತ್ತಿಗೆ ಕರಿಮೆಣಸು ಬರುತ್ತದೆ, ಆಗ ಗೋಡೆಯ ಮುಂದೆ ಕುಳಿತುಕೊಳ್ಳಿ ಎಂದರೆ ಯಾರು ಕೇಳುತ್ತಾರೆ? ಒಂಟಿ ಬಿದಿರಿನ ಏಣಿ ಹತ್ತುವವರಿಗೆ, ಬಳ್ಳಿಯ ತುದಿಗೆ ಕತ್ತನ್ನು ಹಿಂದಕ್ಕೆ ಚೆಲ್ಲಿ ಕೈಚಾಚುವ ಬದಲು ಇನ್ನೊಂದು ಗಣ್ಣು ಮೇಲೇರಿ ಕೊಯ್ಯಲು ಹೇಳುತ್ತೇನೆ. ಚೀಲ ಖಾಲಿ ಮಾಡಲು ಇಳಿದಾಗ ಮರಕ್ಕೆ ಬೆನ್ನು ಕೊಟ್ಟು ನಿಂತು ಗದ್ದ ಆಡಿಸುವುದು ಮತ್ತು ಎದುರಿನ ಒಂದು ಎಲೆಯ ಮೇಲೆ ನೋಟವಿಟ್ಟು ತಲೆ ತಿರುಗಿಸುವುದು, ಈ ಎರಡನ್ನು ಮಾತ್ರ ಬಿಡದೆ ಮಾಡಿ, ಉಳಿದದ್ದನ್ನು ಕೊಯ್ಲು ಮುಗಿದ ಮೇಲೆ ನೋಡೋಣ ಎನ್ನುತ್ತೇನೆ.