ಹಣಕಾಸು ಆಯೋಗದ ಅನುದಾನ ಕೈತಪ್ಪದಿರಲು ನಗರಸಭೆಯ ಲೆಕ್ಕ ಶಾಖೆಯಲ್ಲಿ ನಾವು ಮಾಡುವ ಕೆಲಸ

ಕೋಲಾರ, ಚಿಕ್ಕಬಳ್ಳಾಪುರದಂಥ ಊರುಗಳಲ್ಲಿ ಚರಂಡಿ, ಪೈಪ್‌ಲೈನ್, ಕಸದ ಗಾಡಿಗೆ ದೊಡ್ಡ ಆಸರೆ ಕೇಂದ್ರ ಹಣಕಾಸು ಆಯೋಗದ ಅನುದಾನ. ಎಸ್ಟಿಮೇಟ್ ಎಷ್ಟೇ ಚೆನ್ನಾಗಿದ್ದರೂ ಲೆಕ್ಕಪತ್ರ ಮತ್ತು ಆಸ್ತಿ ತೆರಿಗೆ ಸರಿಯಿಲ್ಲದಿದ್ದರೆ ಕಂತು ಬರುವುದಿಲ್ಲ. 2021-26ರ 15ನೇ ಆಯೋಗ ಇದನ್ನು ಷರತ್ತನ್ನಾಗಿಯೇ ಮಾಡಿತು.

ಮೊದಲನೆಯದು ಲೆಕ್ಕಪತ್ರ. ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ, ಅದರ ಹಿಂದಿನ ವರ್ಷದ ಆಡಿಟ್ ಆದ ಲೆಕ್ಕ ಎರಡೂ ಆನ್‌ಲೈನ್‌ನಲ್ಲಿ ಎಲ್ಲರಿಗೂ ಕಾಣುವಂತಿರಬೇಕು ಎಂದಿತ್ತು. 2024-25ರ ಅನುದಾನಕ್ಕೆ 2023-24ರ ತಾತ್ಕಾಲಿಕ, 2022-23ರ ಆಡಿಟ್ ಪ್ರತಿ. ಏಪ್ರಿಲ್ ಮೊದಲ ವಾರದಲ್ಲೇ ಪ್ರತಿ ಬ್ಯಾಂಕ್ ಖಾತೆಯನ್ನೂ ನಗದು ಪುಸ್ತಕದ ಜೊತೆ ತಾಳೆ ಹಾಕುತ್ತೇನೆ. ಎಡವಟ್ಟಾಗುವುದು ಮೂರು ಕಡೆ: ಆಡಿಟ್‌ನ ಅಂತಿಮ ಶಿಲ್ಕು ಮುಂದಿನ ವರ್ಷದ ಆರಂಭಿಕ ಶಿಲ್ಕಿಗೆ ಹೊಂದುವುದಿಲ್ಲ, ಗುತ್ತಿಗೆದಾರರ ಮುಂಗಡ ಹೊಂದಾಣಿಕೆಯಾಗದೆ ಉಳಿದಿರುತ್ತದೆ, ಮುಗಿದ ಕಾಮಗಾರಿ ಇನ್ನೂ ‘ಪ್ರಗತಿಯಲ್ಲಿದೆ’ ಎಂದೇ ಕೂತಿರುತ್ತದೆ.

ಎರಡನೆಯದು ಆಸ್ತಿ ತೆರಿಗೆ. ರಾಜ್ಯದ ಒಟ್ಟು ಆಂತರಿಕ ಉತ್ಪನ್ನ ಇತ್ತೀಚಿನ ಐದು ವರ್ಷಗಳಲ್ಲಿ ಸರಾಸರಿ ಎಷ್ಟು ಬೆಳೆದಿದೆಯೋ, ತೆರಿಗೆ ವಸೂಲಿಯೂ ಅಷ್ಟಾದರೂ ಬೆಳೆಯಬೇಕು ಎಂದಿತ್ತು. ಉದಾಹರಣೆಗೆ ಹೋದ ವರ್ಷದ ವಸೂಲಿ 4 ಕೋಟಿ, ಸರಾಸರಿ ಬೆಳವಣಿಗೆ ಶೇ 10 ಎಂದರೆ ಗುರಿ 4.40 ಕೋಟಿ. ಇಲ್ಲಿ ಎಚ್ಚರ ಬೇಕು: ತೆರಿಗೆಯ ಜೊತೆಗೇ ವಸೂಲಾಗುವ ಗ್ರಂಥಾಲಯ ಕರ, ಭಿಕ್ಷುಕರ ಕರ, ಕಸದ ಶುಲ್ಕ ತೆರಿಗೆಯಲ್ಲ. ಚಲನ್ ಮೊತ್ತವನ್ನು ಇಡಿಯಾಗಿ ನಮೂದಿಸಿದರೆ ಒಂದು ವರ್ಷ ಅಂಕಿ ಉಬ್ಬುತ್ತದೆ, ಮರುವರ್ಷ ಸರಿಪಡಿಸಿದಾಗ ವಸೂಲಿ ಕುಸಿದಂತೆ ಕಾಣುತ್ತದೆ. ಅದಕ್ಕೇ ಬಾಕಿ, ಚಾಲ್ತಿ, ದಂಡ, ಕರಗಳಿಗೆ ಡಿಸಿಬಿ (ಬೇಡಿಕೆ, ವಸೂಲಿ, ಬಾಕಿ) ವಹಿಯಲ್ಲಿ ಬೇರೆ ಬೇರೆ ಕಾಲಂ ಇಡಿ. ಬೇಡಿಕೆಯೇ, ಅಂದರೆ ಕಟ್ಟಬೇಕೆಂದು ನಾವು ಲೆಕ್ಕ ಹಾಕಿದ ತೆರಿಗೆಯೇ, ಕಡಿಮೆಯಿದ್ದರೆ ಬಿಲ್ ಕಲೆಕ್ಟರ್ ಎಷ್ಟು ತಿರುಗಿದರೂ ಪ್ರಯೋಜನವಿಲ್ಲ. ಖಾಲಿ ನಿವೇಶನವೆಂದಿರುವ ಗೋದಾಮು, ವಾಸದ ಮನೆಯೆಂದಿರುವ ಅಂಗಡಿ, ಲೆಕ್ಕಕ್ಕೆ ಸೇರದ ಮೇಲಂತಸ್ತು ಇವನ್ನು ಮೊದಲು ಹುಡುಕಿ. ಟೊಮೆಟೊ ಮಂಡಿಯ ಸುತ್ತಮುತ್ತ, ಹೆದ್ದಾರಿ ಬದಿಯಿಂದ ಶುರು ಮಾಡುವುದು ಒಳ್ಳೆಯದು.

15ನೇ ಆಯೋಗದ ಹಂಚಿಕೆ ಸರಳವಾಗಿತ್ತು. ಹತ್ತು ಲಕ್ಷಕ್ಕಿಂತ ಕಡಿಮೆ ಜನರ ಊರಿಗೆ 1 ಕೋಟಿ ಬಂದರೆ 40 ಲಕ್ಷ ಮುಕ್ತ (ಊರಿನ ಅಗತ್ಯಕ್ಕೆ ತಕ್ಕಂತೆ ಬಳಸುವ ಹಣ), 30 ಲಕ್ಷ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ, 30 ಲಕ್ಷ ಕುಡಿಯುವ ನೀರು, ಮಳೆನೀರು ಸಂಗ್ರಹ, ಮರುಬಳಕೆಗೆ. ಮುಕ್ತವೆಂದರೂ ಸಂಬಳಕ್ಕೆ ಬಳಸುವಂತಿರಲಿಲ್ಲ. ರಸ್ತೆಯ ಕ್ರಿಯಾ ಯೋಜನೆಯಲ್ಲಿ ‘ನೀರಿನ ಪೈಪ್ ಸಹಿತ’ ಎಂದು ಸೇರಿಸಿ ನೀರಿನ ಪಾಲನ್ನು ಅತ್ತ ತಿರುಗಿಸಿದರೆ ಬಳಕೆ ಪ್ರಮಾಣಪತ್ರ ಕೊಡುವಾಗ ಸಿಕ್ಕಿಬೀಳುತ್ತದೆ.

ನೀರಿನ ಪಾಲಿನ ಬಗ್ಗೆ ನನ್ನದು ಗಟ್ಟಿಯಾದ ಅಭಿಪ್ರಾಯ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಪ್ರತಿ ವರ್ಷ ಹೊಸ ಕೊಳವೆಬಾವಿ ಕೊರೆಸುವುದು ಆ ದುಡ್ಡನ್ನು ಮಣ್ಣಿಗೆ ಹಾಕಿದಂತೆ. ಓವರ್‌ಹೆಡ್ ಟ್ಯಾಂಕ್‌ನಿಂದ ಹೊರಡುವ ಪೈಪಿಗೆ ಬಲ್ಕ್ ಮೀಟರ್ (ಹೊರಹೋಗುವ ಒಟ್ಟು ನೀರನ್ನು ಅಳೆಯುವ ಮೀಟರ್) ಕೂರಿಸಿ. ಯಾವ ವಾರ್ಡಿನಲ್ಲಿ ಎಷ್ಟು ಸೋರುತ್ತಿದೆಯೆಂದು ಗೊತ್ತಾದ ಮೇಲೆ ಅಲ್ಲಿನ ಹಳೇ ಪೈಪ್ ಬದಲಿಸಿ.

ದೊಡ್ಡ ಕಾಮಗಾರಿಗೆ ಅಮೃತ್ 2.0 (ನಗರಗಳ ನೀರು, ಒಳಚರಂಡಿಗೆ ಕೇಂದ್ರದ ಯೋಜನೆ) ನೋಡುವುದಾದರೆ ಜನಸಂಖ್ಯೆ ಮುಖ್ಯ. ಒಂದು ಲಕ್ಷಕ್ಕಿಂತ ಕಡಿಮೆಯಿರುವ ಚಿಕ್ಕಬಳ್ಳಾಪುರದಂಥ ಊರಿಗೆ ಕೇಂದ್ರದ ಪಾಲು ಅರ್ಧ. 2011ರಲ್ಲೇ ಲಕ್ಷ ದಾಟಿದ ಕೋಲಾರಕ್ಕೆ ಮೂರನೇ ಒಂದು. ಅದೂ 20:40:40ರ ಕಂತುಗಳಲ್ಲಿ. ಮೊದಲ ಕಂತು ಐದರಲ್ಲಿ ಒಂದು ಪಾಲಷ್ಟೇ ಆದ್ದರಿಂದ, ಟೆಂಡರ್ ಕರೆಯುವ ಮೊದಲೇ ನಗರಸಭೆಯ ಪಾಲು ಯಾವ ಖಾತೆಯಲ್ಲಿದೆಯೆಂದು ಕಡತದಲ್ಲಿ ಬರೆದಿಡಿ.