ಮಲೆನಾಡಿನ ಮಾಡು ಕಟ್ಟುವ ಕ್ರಮ: ಪಕಾಸಿಯಿಂದ ಹಲಗೆಗೋಡೆಯ ತನಕ

ಮಲೆನಾಡಿನಲ್ಲಿ ಮನೆಯ ಮಾಡು, ಅಂದರೆ ಹೆಂಚಿನ ಇಳಿಜಾರು ಛಾವಣಿ, ಬಿಚ್ಚಿ ಕಟ್ಟಲು ಸಿಗುವ ಅವಧಿ ತೀರ ಚಿಕ್ಕದು. ದೀಪಾವಳಿಯ ಹಿಂದುಮುಂದು ಅಡಿಕೆ ಕೊಯ್ಲು ಶುರುವಾದರೆ ಅದು ಮುಗಿಯುವ ತನಕ ಆಳು ಸಿಗುವುದಿಲ್ಲ. ಯುಗಾದಿ ದಾಟಿತೆಂದರೆ ಸಂಜೆಯ ಗುಡುಗು, ಏಪ್ರಿಲ್ ಕೊನೆಗೆ ಭರಣಿ ಮಳೆ. ನಡುವೆ ಉಳಿಯುವುದು ಫೆಬ್ರುವರಿ, ಮಾರ್ಚ್ ತಿಂಗಳುಗಳು. ಹಾಗಾಗಿ ಮರ, ಹಲಗೆ, ಬಡಗಿ, ಲೆಕ್ಕ ಎಲ್ಲವೂ ಅದಕ್ಕೆ ಮೊದಲೇ ಸಿದ್ಧವಾಗಿರಬೇಕು.

ಕೆಲಸಕ್ಕೆ ಇಳಿಯುವ ಮುಂಚೆ ಒಂದು ಹಳೆಯ ಮನೆಯನ್ನು ಸಾವಕಾಶವಾಗಿ ನೋಡಿ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆ ಆಗಬಹುದು, ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ಆಗಬಹುದು, ನಿಮ್ಮದೇ ಊರಿನ ತೊಟ್ಟಿಮನೆಯೂ ಆಗಬಹುದು. ಕಂಬದ ಗಾತ್ರಕ್ಕೆ, ಬೋದಿಗೆಯ ಕೆತ್ತನೆಗೆ ಬೆರಗಾಗುವುದು ಸಹಜ. ಆದರೆ ಆ ಮರಗೆಲಸ ಇಷ್ಟು ಮಳೆಗಾಲಗಳನ್ನು ದಾಟಿದ್ದಕ್ಕೆ ಮರದ ಗಟ್ಟಿತನದಷ್ಟೇ ಮುಖ್ಯವಾದ ಇನ್ನೊಂದು ಕಾರಣವಿದೆ: ನೆನೆದ ಮರ ಮತ್ತೆ ಒಣಗಲು ಎಲ್ಲೆಡೆ ದಾರಿ ಬಿಟ್ಟಿದ್ದಾರೆ. ಇಂದು ಸಿಮೆಂಟು, ಪುಟ್ಟಿ, ಶೀಟು, ವಾರ್ನಿಶ್ ಹಾಕಿ ನಾವು ಆ ದಾರಿಯನ್ನೇ ಮುಚ್ಚುತ್ತಿದ್ದೇವೆ. ಕೆಳಗಿನ ಒಂದೊಂದು ಹಂತದಲ್ಲೂ ಈ ವಿಷಯ ಮತ್ತೆ ಎದುರಾಗುತ್ತದೆ.

ಬಿಚ್ಚುವಾಗ

ಹಳೆಯ ಮಾಡಾದರೆ ಹೆಂಚನ್ನು ಎರಡೂ ಇಳಿಜಾರಿನಿಂದ ಸಮವಾಗಿ ಇಳಿಸಿ. ಒಂದು ಮಗ್ಗುಲನ್ನು ಪೂರ್ತಿ ಖಾಲಿ ಮಾಡಿದರೆ ಇನ್ನೊಂದು ಮಗ್ಗುಲಿನ ಭಾರಕ್ಕೆ ಇಡೀ ಚೌಕಟ್ಟು ವಾಲುತ್ತದೆ. ನೂರು ಚದರ ಅಡಿಗೆ ಸುಮಾರು 140ರಿಂದ 150 ಮಂಗಳೂರು ಹೆಂಚು ಕೂರುತ್ತವೆ. ಒಂದೊಂದೂ ಎರಡೂವರೆಯಿಂದ ಮೂರು ಕಿಲೊ ತೂಗುವುದರಿಂದ ಅಷ್ಟು ಜಾಗದ ಮೇಲೆ ನಾಲ್ಕು ಕ್ವಿಂಟಲ್ ಆಸುಪಾಸಿನ ಭಾರವಿರುತ್ತದೆ. ನೆನೆದಾಗ ಇನ್ನೂ ಹೆಚ್ಚು.

ನೆತ್ತಿಯಿಂದ ಸೂರಿನ ತನಕ ಓರೆಯಾಗಿ ಇಳಿಯುವ ಮರವೇ ಪಕಾಸಿ. ಇಳಿಸಿದ ಪ್ರತಿ ಪಕಾಸಿಗೂ ಸೀಮೆಸುಣ್ಣದಿಂದ ಸಂಖ್ಯೆ ಬರೆಯಿರಿ. ಉಳಿಯ ಮೊನೆಯಿಂದ ಚುಚ್ಚಿ, ಕೊಡತಿಯಿಂದ (ಮರದ ಸುತ್ತಿಗೆ) ತಟ್ಟಿ ಪರೀಕ್ಷಿಸಿ. ಸಾಮಾನ್ಯವಾಗಿ ಕೆಟ್ಟಿರುವುದು ಎರಡೇ ಕಡೆ: ಗೋಡೆಯ ಮೇಲೆ ಕೂತ ಬುಡ ಮತ್ತು ಸೂರಿನ ತುದಿ. ನಡುವಿನ ಹತ್ತು ಅಡಿ ಗಟ್ಟಿಯಾಗಿದ್ದರೆ ಆ ಮರವನ್ನು ದಯವಿಟ್ಟು ಸೌದೆಗೆ ಹಾಕಬೇಡಿ. ಕೆಟ್ಟ ತುದಿಯನ್ನು ಕತ್ತರಿಸಿ, ಪಕಾಸಿಯ ಆಳದ ಮೂರು ನಾಲ್ಕು ಪಟ್ಟು ಉದ್ದಕ್ಕೆ ಓರೆಯಾಗಿ ಸೀಳಿ, ಅದೇ ಜಾತಿಯ ಮರದ ತುಂಡನ್ನು ಅದೇ ಓರೆಯಲ್ಲಿ ಹೊಂದಿಸಿ ಗೂಟ ಹೊಡೆಯಿರಿ. ಈ ಬೆಸುಗೆ ಗೋಡೆಯ ಅಥವಾ ತೊಲೆಯ ನೇರಕ್ಕೆ ಬರಬೇಕು, ನಡುವೆ ಗಾಳಿಯಲ್ಲಿ ಬರಬಾರದು. ಐವತ್ತು ವರ್ಷ ಒಣಗಿದ ಮತ್ತಿಯಂಥ ಮರವನ್ನು ಇವತ್ತು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.

ಮರ ಯಾವುದು

ತೊಲೆ, ಕಂಬಕ್ಕೆ ಮತ್ತಿ, ಹೊನ್ನೆ, ನಂದಿ, ಕಿರಾಲುಬೋಗಿ. ಬಾಗಿಲು, ಹಲಗೆಗೆ ಸಾಗುವಾನಿ, ಹಲಸು, ಹೆಬ್ಬಲಸು. ಪಕಾಸಿಗೆ ಬೈನೆ, ಹೆಂಚು ಕೂರಲು ಪಕಾಸಿಯ ಮೇಲೆ ಅಡ್ಡಕ್ಕೆ ಹೊಡೆಯುವ ರೀಪಿಗೆ ಅಡಿಕೆ ಮರದ ಸೀಳಾದ ದಬ್ಬೆ. ಹಳಬರ ಹಂಚಿಕೆ ಸರಿಸುಮಾರು ಹೀಗಿತ್ತು. ಬೀಟೆ ಈಗ ಕೈಗೆಟಕುವ ಮರವಲ್ಲ, ಮಾಡಿಗೆ ಅದು ಬೇಕಾಗಿಯೂ ಇಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದರೆ ಚೆನ್ನಾಗಿ ಬಲಿತ ಅಕೇಶಿಯಾದ ಪಕಾಸಿ ತಪ್ಪಲ್ಲ. ಮರದ ಜಾತಿಗಿಂತ ಒಳಗಿನ ಬಲಿತ ಭಾಗವಾದ ಕೆಚ್ಚು ಎಷ್ಟಿದೆ ಎಂಬುದನ್ನು ನೋಡಿ. ಹೊರಗಿನ ಬಿಳಿ ಭಾಗದಲ್ಲಿ ಪಿಷ್ಟವಿರುತ್ತದೆ, ಕುಟ್ಟೆ ಹುಳು ಹಿಡಿಯುವುದು ಅಲ್ಲಿಂದಲೇ. ದಿಮ್ಮಿಗಳನ್ನು ಕೆಲವು ವಾರ ಕೆರೆಯಲ್ಲಿ ಮುಳುಗಿಸಿಡುವ ಹಳೆಯ ಪದ್ಧತಿಗೆ ಅರ್ಥವಿದೆ: ಆ ಅಂಶ ನೀರಿಗೆ ಬಿಟ್ಟುಹೋದರೆ ಹುಳುವಿಗೆ ಆಹಾರವಿರುವುದಿಲ್ಲ.

ಸ್ವಂತ ತೋಟದ ಮರವಾದರೂ ಕಡಿಯುವ ಮುಂಚೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ನೆನಪಿಡಿ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಹಲವಕ್ಕೆ ಇಲ್ಲ. ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕಡಿತಲೆಗೂ ಸಾಗಣೆಗೂ ಏನೇನು ಬೇಕೆಂದು ಮೊದಲೇ ಕೇಳಿಕೊಳ್ಳಿ.

ಒಣಗಿಸಲು ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಲೆಕ್ಕ ಬಡಗಿಗಳಲ್ಲಿ ರೂಢಿ. ನೆಲದಿಂದ ಒಂದಡಿ ಎತ್ತರದಲ್ಲಿ, ನೆರಳಿನಲ್ಲಿ, ಹಲಗೆ ಹಲಗೆಯ ನಡುವೆ ಒಂದಿಂಚಿನ ಪಟ್ಟಿ ಇಟ್ಟು ಅಟ್ಟಿ ಹಾಕಿ. ತುದಿಗಳಿಗೆ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿದರೆ ಸೀಳು ಕಡಿಮೆ. ಪಕಾಸಿ ಅರೆ ಒಣಗಿದ್ದರೂ ನಡೆದೀತು, ಮಾಡಿನ ಮೇಲೆಯೇ ಉಳಿದದ್ದು ಒಣಗುತ್ತದೆ. ಹಲಗೆಗೆ ಆ ರಿಯಾಯಿತಿ ಕೊಡಲಾಗದು.

ಇಳಿಜಾರಿನ ಲೆಕ್ಕ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಶಿವಮೊಗ್ಗ ಪಟ್ಟಣದಲ್ಲಿ ಅದರ ಕಾಲು ಭಾಗವೂ ಇಲ್ಲ. ಒಂದೇ ಜಿಲ್ಲೆಯಾದರೂ ಮಾಡಿನ ಓರೆ ಒಂದೇ ಆಗಿರಬೇಕಿಲ್ಲ. ಶಿವಮೊಗ್ಗ, ಭದ್ರಾವತಿ ಕಡೆಗೆ 30 ಡಿಗ್ರಿ ಸಾಕು. ಹೊಸನಗರ, ತೀರ್ಥಹಳ್ಳಿಯ ಘಟ್ಟದಂಚಿಗೆ 35ಕ್ಕಿಂತ ಕಡಿಮೆ ಬೇಡ. ಓರೆ ಕಡಿಮೆಯಾದರೆ ಗಾಳಿಮಳೆಯಲ್ಲಿ ನೀರು ಹೆಂಚಿನ ಸಂದಿಯಿಂದ ಹಿಮ್ಮುಖವಾಗಿ ಒಳನುಗ್ಗುತ್ತದೆ.

35 ಡಿಗ್ರಿ ಎಂದರೆ ಹತ್ತು ಅಡಿ ಅಡ್ಡಕ್ಕೆ ಏಳು ಅಡಿ ಎತ್ತರ. ಇಪ್ಪತ್ತು ಅಡಿ ಅಗಲದ ಮನೆ ಎಂದುಕೊಳ್ಳಿ. ನೆತ್ತಿ ನಡುವಿನಲ್ಲಿದ್ದರೆ ಅಡ್ಡ ಅಳತೆ ಹತ್ತು, ಏರು ಏಳು. ಹತ್ತರ ವರ್ಗ ನೂರು, ಏಳರ ವರ್ಗ ನಲವತ್ತೊಂಬತ್ತು, ಒಟ್ಟು 149. ಅದರ ವರ್ಗಮೂಲ 12.2 ಅಡಿ. ಸೂರು ಗೋಡೆಯಿಂದ ಮೂರು ಅಡಿ ಹೊರಚಾಚಲು ಓರೆಯಲ್ಲಿ ಇನ್ನೂ 3.7 ಅಡಿ ಬೇಕು. ನೆತ್ತಿಯ ಕೂಡಿಕೆಗೆ ಅರ್ಧ ಅಡಿ ಸೇರಿಸಿದರೆ ಹದಿನಾರೂವರೆ ಅಡಿಯ ಮರ. ಸೂರಿನ ಈ ಮೂರು ಅಡಿಯಲ್ಲಿ ಜಿಪುಣತನ ಮಾಡಬೇಡಿ. ಮಣ್ಣಿನ ಗೋಡೆಯನ್ನೂ ಜಗಲಿಯ ಕಂಬದ ಬುಡವನ್ನೂ ಎರಚಲಿನಿಂದ ಕಾಯುವುದು ಅದೇ.

ಗೋಡೆಪಟ್ಟಿ, ತೊಲೆ, ಪಕಾಸಿ

ಗೋಡೆಯ ನೆತ್ತಿಯ ಮೇಲೆ ಉದ್ದಕ್ಕೂ ಮಲಗಿಸುವ ಗೋಡೆಪಟ್ಟಿಯೇ ಇಡೀ ಮಾಡಿನ ಅಡಿಪಾಯ. ರಸಮಟ್ಟ ಇಟ್ಟು ಸಮ ನೋಡಿ. ಮೂಲೆಗೆ ಮೂರು-ನಾಲ್ಕು-ಐದರ ಪರೀಕ್ಷೆ ಮಾಡಿ: ಒಂದು ಮಗ್ಗುಲಲ್ಲಿ ಮೂರಡಿ, ಇನ್ನೊಂದರಲ್ಲಿ ನಾಲ್ಕಡಿ ಗುರುತಿಸಿದರೆ ಆ ಗುರುತುಗಳ ನಡುವೆ ಸರಿಯಾಗಿ ಐದಡಿ ಬರಬೇಕು. ಇಲ್ಲಿ ಅರ್ಧ ಇಂಚು ತಪ್ಪಿದರೆ ಮೇಲೆ ಹೆಂಚಿನ ಸಾಲು ಓರೆಯಾಗಿ ಎದ್ದು ಕಾಣುತ್ತದೆ.

ತೊಲೆಗಳ ಮತ್ತು ಗೋಡೆಯಿಂದ ಗೋಡೆಗೆ ಹಾಯುವ ಅಡ್ಡ ಮರಗಳಾದ ಜಂತಿಗಳ ತುದಿ ಗೋಡೆಯೊಳಗೆ ಕೂರುವ ಕಡೆ ಸಿಮೆಂಟು ಗಾರೆ ತುಂಬಬೇಡಿ. ಮಲೆನಾಡಿನ ಹಳೆಯ ಮನೆಗಳನ್ನು ದುರಸ್ತಿಯ ಹೆಸರಿನಲ್ಲಿ ಕೆಡಿಸುತ್ತಿರುವ ಕೆಲಸಗಳಲ್ಲಿ ಇದೇ ಮೊದಲನೆಯದು. ಸಿಮೆಂಟು ತೇವವನ್ನು ಮರದ ತುದಿಯಲ್ಲಿ ಕಟ್ಟಿಹಾಕುತ್ತದೆ. ಹೊರಗಿನಿಂದ ತೊಲೆ ಹೊಳೆಯುತ್ತಿರುತ್ತದೆ, ಗೋಡೆಯೊಳಗೆ ಲಡ್ಡಾಗಿರುತ್ತದೆ. ತುದಿಯ ಮೂರೂ ಕಡೆ ಬೆರಳು ಹೋಗುವಷ್ಟು ಸಂದು ಬಿಡಿ, ಅಡಿಯಲ್ಲಿ ಚಪ್ಪಟೆ ಕಲ್ಲು ಇಡಿ.

ತೊಲೆ ಮತ್ತು ಕಂಬದ ಕೂಡಿಕೆಗೆ ಒಂದರಲ್ಲಿ ಗೂಡು, ಇನ್ನೊಂದರಲ್ಲಿ ಅದರೊಳಗೆ ಕೂರುವ ನಾಲಗೆ. ನಾಲಗೆಯ ದಪ್ಪ ಮರದ ದಪ್ಪದ ಮೂರನೇ ಒಂದು ಭಾಗ. ಬಿಗಿ ಮಾಡುವ ಉಪಾಯ ಗೂಟದ ತೂತಿನಲ್ಲಿದೆ. ಗೂಡಿನ ಎರಡು ಕೆನ್ನೆಗೂ ಬೈರಿಗೆಯಿಂದ ತೂತು ಕೊರೆದು, ನಾಲಗೆಯನ್ನು ಕೂರಿಸಿ ಅದರ ಮೇಲೆ ಗುರುತು ಹಾಕಿ ಹೊರತೆಗೆಯಿರಿ. ನಾಲಗೆಯ ತೂತನ್ನು ಗುರುತಿಗಿಂತ ಒಂದೂವರೆ ಎರಡು ಮಿಲಿಮೀಟರು ಬುಡದ ಕಡೆಗೆ ಸರಿಸಿ ಕೊರೆಯಿರಿ. ಆಮೇಲೆ ಮೊನೆ ಸಣ್ಣಗಾಗಿಸಿದ ಒಣ ಗೂಟ ಹೊಡೆದಾಗ ಅದು ನಾಲಗೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮರ ಸೊರಗಿದರೂ ಆ ಹಿಡಿತ ಸುಲಭಕ್ಕೆ ಸಡಿಲವಾಗುವುದಿಲ್ಲ. ಇಲ್ಲಿ ಕಬ್ಬಿಣದ ಮೊಳೆ ಬೇಡ. ಹೊನ್ನೆ, ಮತ್ತಿಯಲ್ಲಿರುವ ಚೊಗರು ಅಂಶ ತೇವ ತಾಗಿದಾಗ ಕಬ್ಬಿಣವನ್ನು ತಿನ್ನುತ್ತದೆ, ಸುತ್ತ ಕಪ್ಪು ಕಲೆ ಬಿಡುತ್ತದೆ. ಮೊಳೆ ಅನಿವಾರ್ಯವಾದಲ್ಲಿ ಸತು ಲೇಪಿಸಿದ್ದು ಅಥವಾ ಹಿತ್ತಾಳೆಯದ್ದು ಬಳಸಿ.

ಈಗ ಪಕಾಸಿ. ಕೋನ ಗುರುತಿಸಲು ಅಂಕಿಯಿರುವ ಮೂಲೆಮಟ್ಟ ಸಾಕು. ಒಂದು ತೋಳಿನ ಹತ್ತು ಇಂಚು, ಇನ್ನೊಂದರ ಏಳು ಇಂಚು ಪಕಾಸಿಯ ಅಂಚಿಗೆ ತಾಗುವಂತೆ ಇಡಿ. ಏಳರ ತೋಳಿನ ಗೆರೆ ನೆತ್ತಿಯ ನೆಟ್ಟಗಿನ ಕೊಯ್ತಕ್ಕೆ, ಹತ್ತರ ತೋಳಿನ ಗೆರೆ ಗೋಡೆಪಟ್ಟಿಯ ಮೇಲೆ ಕೂರುವ ಮಟ್ಟಕ್ಕೆ. ಗೋಡೆಪಟ್ಟಿಗೆ ಹಾಕುವ ಕಚ್ಚು ಪಕಾಸಿಯ ಆಳದ ಮೂರನೇ ಒಂದು ಭಾಗ ಮೀರಬಾರದು, ಮೀರಿದರೆ ಸೂರು ಅಲ್ಲಿಂದಲೇ ಮುರಿಯುತ್ತದೆ. ನೆತ್ತಿಯ ತೊಲೆಯ ಮೇಲೆ ಎದುರುಬದುರು ಪಕಾಸಿಗಳು ಅರ್ಧರ್ಧ ದಪ್ಪ ಕಳೆದು ಒಂದರೊಳಗೊಂದು ಕೂತು, ಒಂದು ಗೂಟದಲ್ಲಿ ನಿಲ್ಲುತ್ತವೆ.

ಮೊದಲು ಒಂದೇ ಜೋಡಿ ಕೊಯ್ದು ಮನೆಯ ಎರಡೂ ಕೊನೆಗಳಲ್ಲಿ ಇಟ್ಟು ನೋಡಿ. ಸರಿಕಂಡರೆ ಆ ಜೋಡಿಗೆ ಗುರುತು ಹಾಕಿ, ಉಳಿದ ಎಲ್ಲವನ್ನೂ ಅದರಿಂದಲೇ ಅಚ್ಚು ತೆಗೆಯಿರಿ. ಎರಡನೆಯದರಿಂದ ಮೂರನೆಯದು, ಮೂರನೆಯದರಿಂದ ನಾಲ್ಕನೆಯದು ಎಂದು ಹೋದರೆ ಗೆರೆಯ ದಪ್ಪದಷ್ಟೇ ತಪ್ಪು ಬೆಳೆಯುತ್ತ ಬೆಳೆಯುತ್ತ ಕೊನೆಗೆ ಇಂಚಾಗುತ್ತದೆ. ಬಾಗಿದ ಮರವಾದರೆ ಉಬ್ಬು ಮೇಲಿರಲಿ, ಹೆಂಚಿನ ಭಾರ ಅದನ್ನು ನೇರಕ್ಕೆ ತರುತ್ತದೆ. ನಾಲ್ಕು ಇಂಚು ಆಳ, ಎರಡು ಇಂಚು ದಪ್ಪದ ಪಕಾಸಿಗಳ ನಡುವೆ ಒಂದೂವರೆಯಿಂದ ಎರಡು ಅಡಿ ಅಂತರ ಸಾಕು. ಆಸರೆಯಿಲ್ಲದೆ ಎಂಟು ಅಡಿಗಿಂತ ಉದ್ದ ಹಾಯಿಸಬೇಡಿ, ನಡುವೆ ಒಂದು ತೊಲೆ ಕೊಡಿ. ಪಕಾಸಿಯ ಬುಡ ಗೋಡೆಯನ್ನು ಹೊರಕ್ಕೆ ತಳ್ಳದಂತೆ ಎದುರುಬದುರು ಗೋಡೆಪಟ್ಟಿಗಳನ್ನು ಜಂತಿಗಳಿಂದ ಬಿಗಿಯುವುದನ್ನೂ ಮರೆಯಬೇಡಿ.

ರೀಪು ಮತ್ತು ಹೆಂಚು

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹರಡಿದ ಹೆಂಚಿಗೆ ಹಿಂಬದಿಯಲ್ಲಿ ರೀಪನ್ನು ಹಿಡಿಯುವ ಕೊಕ್ಕೆ ಇರುತ್ತದೆ. ಆದ್ದರಿಂದ ರೀಪಿನ ಅಂತರ ಹೆಂಚಿಗೆ ತಕ್ಕಂತೆ ಇರಬೇಕು. ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಹತ್ತಿರ, ಆದರೆ ಒಂದೊಂದು ಕಾರ್ಖಾನೆಯದೂ ಸ್ವಲ್ಪ ಬೇರೆ. ಹನ್ನೊಂದು ಹೆಂಚನ್ನು ನೆಲದ ಮೇಲೆ ಮಗುಚಿ ಜೋಡಿಸಿ. ಒಮ್ಮೆ ಒತ್ತಿ, ಒಮ್ಮೆ ಎಳೆದು, ಮೊದಲನೆಯ ಕೊಕ್ಕೆಯಿಂದ ಕೊನೆಯ ಕೊಕ್ಕೆಯ ತನಕ ಅಳೆಯಿರಿ. ಎರಡು ಅಳತೆ ಕೂಡಿಸಿ ಇಪ್ಪತ್ತರಿಂದ ಭಾಗಿಸಿದರೆ ನಿಮ್ಮ ಅಂತರ ಸಿಗುತ್ತದೆ.

ಸೂರಿನ ಮೊದಲ ರೀಪು ಉಳಿದವುಗಳಿಗಿಂತ ಒಂದು ಹೆಂಚಿನ ದಪ್ಪದಷ್ಟು ಎತ್ತರವಿರಲಿ. ಮೇಲಿನ ಹೆಂಚುಗಳು ಕೆಳಗಿನ ಹೆಂಚಿನ ಮೇಲೆ ಒರಗುತ್ತವೆ, ಮೊದಲ ಸಾಲಿಗೆ ಆ ಒರಗು ಇಲ್ಲ. ಎತ್ತರಿಸದಿದ್ದರೆ ಅದು ತಲೆ ಬಾಗಿಸಿ ಸಂದಿ ಬಿಡುತ್ತದೆ. ಹೆಂಚನ್ನು ಸೂರಿನಿಂದ ನೆತ್ತಿಯ ಕಡೆಗೆ, ಎರಡೂ ಮಗ್ಗುಲಲ್ಲಿ ಒಟ್ಟೊಟ್ಟಿಗೆ ಹೊದಿಸಿಕೊಂಡು ಹೋಗಿ.

ಹೆಂಚಿನಡಿ ಜಿಪ್ಸಮ್ ಬೋರ್ಡಿನಿಂದ ಪೂರ್ತಿ ಮುಚ್ಚುವವರಿಗೆ ನನ್ನದೊಂದು ಮನವಿ. ಪಕಾಸಿ ಕಾಣದಂತೆ ಮುಚ್ಚಿದರೆ ಸೋರಿಕೆ ತಿಳಿಯುವುದು ಮರ ಕೆಟ್ಟ ಮೇಲೆಯೇ. ಮುಚ್ಚಿಗೆ ಬೇಕೆಂದರೆ ಹಳಬರಂತೆ ಜಂತಿಯ ಮೇಲೆ ಹಲಗೆ ಹಾಸಿ, ಮೇಲೆ ಅಟ್ಟಕ್ಕೆ ಹತ್ತುವ ದಾರಿ ಬಿಡಿ.

ಒಳಗೋಡೆಗೆ ಹಲಗೆ

ಮೊದಲು ಗೋಡೆ ಆರಿಸಿ. ಮುಂಗಾರು ಬಡಿಯುವ ಪಡುವಣ ಹೊರಗೋಡೆಯ ಒಳಮೈಗೆ ಹಲಗೆ ಹೊಡೆಯಲೇಬೇಡಿ, ಎಷ್ಟು ಆಸೆಯಿದ್ದರೂ. ನಡುಗೋಡೆ, ಪಡಸಾಲೆ, ಮೂಡಣ ಗೋಡೆ ಸೂಕ್ತ. ಗೋಡೆಗೆ ಒಂದಿಂಚು ದಪ್ಪದ ಪಟ್ಟಿಗಳನ್ನು ಎರಡಡಿಗೊಂದರಂತೆ ಬಿಗಿದು, ಅದರ ಮೇಲೆ ಹಲಗೆ ಕೂರಿಸಿ. ನೆಲದಿಂದ ಮೂರು ಇಂಚು ಮೇಲೆ ನಿಲ್ಲಿಸಿ, ಮೇಲ್ತುದಿಯಲ್ಲೂ ಅರ್ಧ ಇಂಚು ತೆರೆದಿರಲಿ. ಹಲಗೆ ನಿಲುವಾಗಿದ್ದರೆ ಪಟ್ಟಿ ಅಡ್ಡವಾಗುತ್ತದೆ, ಆಗ ಅಲ್ಲಲ್ಲಿ ಪಟ್ಟಿಯನ್ನು ತುಂಡರಿಸಿ ಗಾಳಿ ಮೇಲೇರಲು ಸಂದು ಬಿಡಿ.

ಮರ ಉದ್ದದಲ್ಲಿ ಹಿಗ್ಗುವುದಿಲ್ಲ ಎನ್ನಬಹುದು. ಅಗಲದಲ್ಲಿ ಹಿಗ್ಗುತ್ತದೆ. ಒಂಬತ್ತು ಇಂಚಿನ ಹಲಗೆ ಮಾರ್ಚಿಗೂ ಜುಲೈ ಕೊನೆಯ ಪುಷ್ಯ ಮಳೆಗೂ ನಡುವೆ ಎರಡು ಮೂರು ಮಿಲಿಮೀಟರು ಅಗಲವಾಗಬಹುದು. ಹತ್ತು ಹಲಗೆ ಒತ್ತೊತ್ತಾಗಿ ಹೊಡೆದಿದ್ದರೆ ಒಂದು ಇಂಚು ಎಲ್ಲಿಗೆ ಹೋಗಬೇಕು? ಗೋಡೆಯಿಂದ ಎದ್ದು ಬರುತ್ತದೆ. ಆದ್ದರಿಂದ ಒಂದು ಹಲಗೆಯ ಅಂಚಿಗೆ ಗಾಡಿ (ಉದ್ದಕ್ಕೂ ಕೊರೆದ ತೋಡು), ಪಕ್ಕದ್ದಕ್ಕೆ ನಾಲಗೆ ತೆಗೆದು, ಬೇಸಿಗೆಯಲ್ಲಿ ಜೋಡಿಸುವಾಗ ಪ್ರತಿ ಕೂಡಿಕೆಯಲ್ಲೂ ಎರಡು ಮಿಲಿಮೀಟರು ಬಿಡಿ. ಮಳೆಗಾಲದಲ್ಲಿ ಜೋಡಿಸುವುದಾದರೆ ಬಿಗಿಯಾಗಿಯೇ ಕೂರಿಸಿ, ಬೇಸಿಗೆಗೆ ಅದೇ ಸಂದು ಬಿಡುತ್ತದೆ. ಮೊಳೆ ನಾಲಗೆಯ ಬುಡದಲ್ಲಿ ಓರೆಯಾಗಿ, ಒಂದು ಪಟ್ಟಿಗೆ ಒಂದೇ. ಎರಡೂ ಅಂಚಿಗೆ ಮೊಳೆ ಹೊಡೆದ ಹಲಗೆ ನಡುವೆ ಸೀಳುತ್ತದೆ.

ಚೌಕಟ್ಟಿನೊಳಗೆ ಹಲಗೆ ಕೂರಿಸುವ ಹಳೆಯ ಕ್ರಮ ಇನ್ನೂ ಚೆಂದ. ಚೌಕಟ್ಟಿನ ಒಳ ಅಂಚಿಗೆ ಅರ್ಧ ಇಂಚು ಆಳದ ಗಾಡಿ, ಹಲಗೆ ಅದರಲ್ಲಿ ಮೂರನೇ ಎರಡು ಭಾಗ ಮಾತ್ರ ಹೊಕ್ಕಿರಬೇಕು. ಅಂಟು ಚೌಕಟ್ಟಿನ ಮೂಲೆಗಳಿಗೆ ಮಾತ್ರ, ಹಲಗೆಗೆ ಹನಿಯೂ ತಾಗಬಾರದು. ಜೋಡಿಸುವ ಮೊದಲೇ ಹಲಗೆಯ ಅಂಚಿನ ತನಕ ಎಣ್ಣೆ ಹಚ್ಚಿಬಿಡಿ, ಇಲ್ಲದಿದ್ದರೆ ಬೇಸಿಗೆಯಲ್ಲಿ ಸೊರಗಿದಾಗ ಬಣ್ಣವಿಲ್ಲದ ಗೆರೆ ಹೊರಬೀಳುತ್ತದೆ. ಕೊಯ್ದ ತುದಿಯಲ್ಲಿ ಉಂಗುರದ ಗೆರೆಗಳು ಮಲಗಿದಂತಿರದೆ ನಿಂತಂತಿರುವ ಹಲಗೆಗಳನ್ನು ಇದಕ್ಕೆ ಆರಿಸಿಕೊಳ್ಳಿ, ಅವು ಬಾಗುವುದು ಕಡಿಮೆ. ಹಲಸಿನ ಹೊಸ ಹಲಗೆ ಹಳದಿಯಾಗಿ ಕಣ್ಣಿಗೆ ಹೊಡೆಯುತ್ತದೆಂದು ಬಣ್ಣ ಬಳಿಯಬೇಡಿ. ಕೆಲವು ವರ್ಷಗಳಲ್ಲಿ ತಾನೇ ಕಂದುಗೆಂಪಿಗೆ ತಿರುಗುತ್ತದೆ.

ಎಣ್ಣೆ

ಪಕಾಸಿ, ರೀಪಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಳೆಯ ರೂಢಿ, ಗೆದ್ದಲಿಗೂ ಹುಳುವಿಗೂ ಒಳ್ಳೆಯ ತಡೆ. ಚರ್ಮ ಸುಡುತ್ತದೆ, ಕೈಗವಸಿಲ್ಲದೆ ಮುಟ್ಟಬೇಡಿ. ಮಾಡಿಗೆ ಏರಿಸುವ ಮೊದಲು ನೆಲದ ಮೇಲೆಯೇ ಹಚ್ಚಿ, ಕೊಯ್ದ ತುದಿ ಮತ್ತು ಕಚ್ಚುಗಳಿಗೆ ಎರಡು ಸಲ. ಒಳಗಿನ ಹಲಗೆಗೆ ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮೂರು ಸಲ ಹಚ್ಚಿ, ಒಂದೊಂದರ ನಡುವೆ ಪೂರ್ತಿ ಒಣಗಲು ಬಿಡಿ. ವಾರ್ನಿಶ್ ನಮ್ಮ ಹವೆಗೆ ಹೊಂದುವುದಿಲ್ಲ, ಅಡಿಯಲ್ಲಿ ತೇವ ಸೇರಿ ಬಿಳುಚಿ ಏಳುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಲ್ಲದು. ಅಂಗಳದಲ್ಲಿ ಬಿಡಿಸಿ ಹರವಿ, ಇಲ್ಲವೇ ನೀರಿನಲ್ಲಿ ಅದ್ದಿಡಿ.

ಮೊದಲ ಮಳೆಗಾಲ ಮುಗಿದ ಕೂಡಲೇ ಅಟ್ಟಕ್ಕೆ ಹತ್ತಿ ಟಾರ್ಚ್ ಹಿಡಿದು ಪ್ರತಿ ಕೂಡಿಕೆಯನ್ನೂ ನೋಡಿ, ಸಡಿಲವಾದ ಬೆಣೆ, ಗೂಟಗಳನ್ನು ಕೊಡತಿಯಿಂದ ಹೊಡೆದು ಬಿಗಿ ಮಾಡಿ. ಆಮೇಲೆ ಪ್ರತಿ ಬೇಸಿಗೆ ಹೆಂಚು ಕೈಯಾಡಿಸಿ, ಪಾಚಿ ಕೆರೆದು, ಮಂಗಗಳು ಒಡೆದದ್ದನ್ನು ಬದಲಿಸಿ. ಅದಕ್ಕೆಂದೇ ಹೊಸ ಹೆಂಚು ತರಿಸುವಾಗಲೇ ಅದೇ ಅಚ್ಚಿನ ನೂರು ಹೆಂಚನ್ನು ಹೆಚ್ಚಿಗೆ ತರಿಸಿ ಕೊಟ್ಟಿಗೆಯ ಗೋಡೆಗೆ ಒರಗಿಸಿಡಿ. ಮುಂದೆ ಬೇರೆ ಅಚ್ಚಿನದು ತಂದರೆ ಈ ರೀಪಿಗೆ ಕೂರುವುದಿಲ್ಲ.